ಬಣ್ಣವೆಲ್ಲ ಕೊಳೆಯೇ

ಜಾಸ್ಪರ್ ಕಲ್ಲು ನೀರಲ್ಲಿ ಬಿದ್ದಿದ್ದಾಗ ಕಂಡು ಮರುಳಾಗದವರು ಕಡಿಮೆ. ಕಡುಗೆಂಪು, ಹಳದಿ, ಹಸಿರು, ಏನು ಬಣ್ಣ ಅಂತೀರಿ! ಮನೆಗೆ ತಂದು ಒಣಗಿಸಿದರೆ ಇಟ್ಟಿಗೆ ಚೂರು. "ಇದಕ್ಕೇನಾ ಜೇಬು ಹರ್ಕೊಂಡು ಬಂದಿದ್ದು?" ಎಂದು ಹೆಂಡತಿ ಕೇಳುತ್ತಾಳೆ. ಉತ್ತರ ಇದೆ, ಹೇಳಲು ಬಿಡುವುದಿಲ್ಲ ಅಷ್ಟೆ. ಒಣಗಿದ ಕಲ್ಲಿನ ಮೈಮೇಲಿನ ಸಣ್ಣ ಸಣ್ಣ ಗೀರುಗಳಲ್ಲಿ ಬೆಳಕು ಚೆದುರಿಹೋಗಿ ಬಣ್ಣ ಮಂಕಾಗುತ್ತದೆ. ನೀರು ಆ ಗೀರುಗಳನ್ನು ತುಂಬಿದರೆ ಮತ್ತೆ ಕಳೆ ಬರುತ್ತದೆ. ಪಾಲಿಶ್ ಅಂದರೆ ಆ ಗೀರುಗಳನ್ನೇ ಇಲ್ಲವಾಗಿಸುವುದು.

"ಮೊದಲು ಚೆನ್ನಾಗಿ ತೊಳೆದು ಕೊಳೆ ತೆಗೀರಿ" ಅನ್ನುತ್ತಾಳೆ. ಕೊಳೆ ಹೋದರೆ ಇದರಲ್ಲಿ ನೋಡುವುದಕ್ಕೆ ಉಳಿಯುವುದಾದರೂ ಏನು? ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತು, ಕರಗಿದ ನೀರು ಬಂಡೆಯ ಬಿರುಕಿಗೋ ಜ್ವಾಲಾಮುಖಿಯ ಬೂದಿಗೋ ಇಳಿಯುತ್ತದೆ. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಾಗಿ ಗಟ್ಟಿಯಾಗುತ್ತದೆ. ಬಣ್ಣವೆಲ್ಲ ಜೊತೆಗೆ ಸಿಕ್ಕಿಕೊಂಡ ಬೇರೆ ಖನಿಜಗಳ ಬೆರಕೆಯದು. ಹೆಮಟೈಟ್ ಆದರೆ ಕೆಂಪು, ಗೋಥೈಟ್ ಆದರೆ ಹಳದಿ ಇಲ್ಲವೇ ಕಂದು, ಕ್ಲೋರೈಟಿನಂಥದ್ದು ಸೇರಿದರೆ ಹಸಿರು. ಈ ಬೆರಕೆ ಕೆಲವು ಕಲ್ಲುಗಳಲ್ಲಿ ಶೇ. 20ರವರೆಗೂ ಇರುತ್ತದೆ. ಅದಕ್ಕೇ ಬೆಳಕು ಆಚೆ ಹಾಯುವುದಿಲ್ಲ. ಇದರ ದಾಯಾದಿ ಅಗೇಟಿನಲ್ಲಿ ಬೆರಕೆ ಕಡಿಮೆ, ಬೆಳಕು ಒಳಗೆ ನುಸುಳುತ್ತದೆ, ಜಂಬವೂ ಜಾಸ್ತಿ. ನನಗಂತೂ ಬೆರಕೆಯದೇ ಇಷ್ಟ. ನೆಲ ಅಲುಗಾಡಿ ಕಲ್ಲು ಚೂರಾದರೂ ಸಿಲಿಕಾ ನೀರು ಮತ್ತೆ ಬಂದು ಅಂಟಿಸಿಬಿಡುತ್ತದೆ. ಕೆಂಪು ಚೂರುಗಳ ನಡುವೆ ಅಡ್ಡಾದಿಡ್ಡಿ ಬಿಳಿ ಗೆರೆ ಕಂಡರೆ ಅದು ಹೀಗೆ ಬಿದ್ದ ಬೆಸುಗೆ.

ಖನಿಜಗಳ ಗಡಸುತನ ಅಳೆಯುವ, ಒಂದರಿಂದ ಹತ್ತರವರೆಗಿನ ಮೋಸ್ ಮಾಪಕದಲ್ಲಿ ಇದರದು 6.5ರಿಂದ 7. ಚಾಕುವಿನಿಂದ ಗೀರಲು ಹೋದರೆ ಚಾಕುವೇ ಸವೆದು ಕಲ್ಲಿನ ಮೇಲೆ ಬೂದು ಗೆರೆ ಬಿಡುತ್ತದೆ. ಕಪ್ಪು ಜಾಸ್ಪರನ್ನು ಚಿನ್ನದ ಒರೆಗಲ್ಲಾಗಿ ಬಳಸುತ್ತಿದ್ದದ್ದು ಸುಮ್ನೆ ಅಲ್ಲ. ಹಾಗಾಗಿ ಕೈಯಲ್ಲಿ ಉಜ್ಜುವ ಮಾತೇ ಇಲ್ಲ, ಕಲ್ಲುಗಳನ್ನು ಉರುಳಿಸಿ ಉರುಳಿಸಿ ನಯಮಾಡುವ ಟಂಬ್ಲರ್ ಯಂತ್ರ ಬೇಕು. ಅದರ ಡಬ್ಬಿಯೊಳಗೆ ಕಲ್ಲು, ನೀರು, ಉಜ್ಜಲು ಸಿಲಿಕಾನ್ ಕಾರ್ಬೈಡ್ ಎಂಬ ಗಡಸು ಪುಡಿ. ಮೊದಲು ತರಿ ಪುಡಿ, ಆಮೇಲೆ ನಯದ್ದು, ಕೊನೆಗೆ ಪಾಲಿಶ್ ಪುಡಿ. ಒಂದೊಂದು ಸುತ್ತಿಗೆ ಸುಮಾರು ಒಂದು ವಾರ, ಹಗಲೂ ರಾತ್ರಿ ಗರಗರ. ಮನೆಗೆ ಬಂದ ನೆಂಟರೊಬ್ಬರು ಯಾವುದೋ ಮೋಟಾರು ಸುಟ್ಟುಹೋಗ್ತಿದೆ ಎಂದುಕೊಂಡು ನಡುರಾತ್ರಿ ಎದ್ದು ಸ್ವಿಚ್ ಆರಿಸಿದ್ದರು. ಬೆಳಿಗ್ಗೆ ಥ್ಯಾಂಕ್ಸ್ ಬೇರೆ ಹೇಳಬೇಕಾಯಿತು.

ಅಕ್ಕನ ಮಗ ಮಾಡಿದ್ದು ಅದಕ್ಕಿಂತ ದೊಡ್ಡದು. ಯಾರಿಗೂ ಹೇಳದೆ ತನ್ನ ಅಚ್ಚುಮೆಚ್ಚಿನ ಬಿಳಿ ಅಮೃತಶಿಲೆಯ ತುಂಡನ್ನೂ ಡಬ್ಬಿಗೆ ಹಾಕಿದ್ದ. ಅದರ ಗಡಸುತನ ಬರೀ 3. ಜಾಸ್ಪರುಗಳ ಜೊತೆ ವಾರವಿಡೀ ಉರುಳಿದರೆ ಕೇಳಬೇಕೆ? ಮುಚ್ಚಳ ತೆಗೆದಾಗ ಹಾಲುಬಣ್ಣದ ರಾಡಿ.

"ಮಾಮಾ, ನನ್ ಕಲ್ಲೆಲ್ಲಿ?"

"ಇದೇ ಕಣೋ" ಎಂದು ರಾಡಿ ತೋರಿಸಿದೆ. ಅವನು ನಂಬಲಿಲ್ಲ. ಅಕ್ಕನೂ ನಂಬಲಿಲ್ಲ. "ಮಗು ಕಲ್ಲು ಎತ್ತಿಟ್ಕೊಳ್ಳೋಕೆ ನಾಚ್ಕೆ ಆಗಲ್ವೇನೋ?" ಎಂದಳು.

ಪಾಲಿಶ್ ಮುಗಿದಾಗ ಕೆಂಪು ಜಾಸ್ಪರೊಂದರಲ್ಲಿ ಕಿಟಕಿಯ ಸರಳುಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಮೂಡಿದ್ದವು. ನಾನಿನ್ನೂ ಎಣಿಸುತ್ತಿದ್ದೆ, ಕಲ್ಲು ಪರಿಹಾರವೆಂದು ಅವನ ಜೇಬು ಸೇರಿತು. ಹೋಗುವಾಗ ಒಂದು ಹಸಿರು ಕಲ್ಲನ್ನೂ ಎತ್ತಿಕೊಂಡ. ಅದು ಬಡ್ಡಿಯಂತೆ.