ಅರ್ಥವಿಲ್ಲದ ಪದಗಳಿಂದ ನೆನಪನ್ನು ಅಳೆಯಬಹುದೇ?

ಪರ

ಒಂದು ವಿಷಯ ಇನ್ನೊಂದನ್ನು ಯಾಕೆ ನೆನಪಿಗೆ ತರುತ್ತದೆ? ಎರಡಕ್ಕೂ ಹೋಲಿಕೆ ಇದ್ದರೆ, ತದ್ವಿರುದ್ಧವಾಗಿದ್ದರೆ, ಇಲ್ಲವೇ ಅಕ್ಕಪಕ್ಕ ಬಂದಿದ್ದರೆ ಎಂದು ಅರಿಸ್ಟಾಟಲ್ ಹೇಳಿಟ್ಟರು. ಬ್ರಿಟನ್ನಿನ ತತ್ವಜ್ಞಾನಿಗಳಾದ ಲಾಕ್, ಹ್ಯೂಮ್ ಕೂಡ ಈ ನಂಟಿನ ಎಳೆಯನ್ನೇ ಹಿಡಿದರು. ಅದನ್ನು ಅಳೆಯಲು ಕೂತವರು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹಾಸ್.

ಗೊತ್ತಿರುವ ಪದವಾದರೆ ಹಳೆಯ ನಂಟುಗಳು ಆಗಲೇ ಅಂಟಿಕೊಂಡಿರುತ್ತವೆ. ಹೊಸ ನಂಟು ಹುಟ್ಟುವುದನ್ನು ನೋಡಬೇಕಾದರೆ ಪದ ಖಾಲಿ ಇರಬೇಕು, ಅಲ್ವಾ? ಅದಕ್ಕೇ ಎರಡು ವ್ಯಂಜನಗಳ ನಡುವೆ ಒಂದು ಸ್ವರ ತೂರಿಸಿ ಸುಮಾರು 2,300 ಅರ್ಥವಿಲ್ಲದ ಪದ ಮಾಡಿಕೊಂಡರು. ಕಲಿಯುವವರೂ ಅವರೇ, ಹೊತ್ತು ನೋಡುವವರೂ ಅವರೇ.

ಅವರ ಅಳತೆಗೋಲು ನನಗೆ ಬಹಳ ಇಷ್ಟ. ‘ನೆನಪಿದೆಯಾ?’ ಎಂದು ಕೇಳಿಕೊಳ್ಳಲಿಲ್ಲ. ಮರೆತ ಪಟ್ಟಿಯನ್ನು ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿಯಿತು ಎಂದು ಲೆಕ್ಕ ಹಾಕಿದರು. 20 ನಿಮಿಷ ಬಿಟ್ಟು ಕಲಿತರೆ ಉಳಿತಾಯ ಸುಮಾರು ಶೇ. 58. ಒಂದು ದಿನ ಬಿಟ್ಟರೆ 34. 31 ದಿನ ಕಳೆದರೂ 21. ಪೂರ್ತಿ ಮರೆತೆ ಅನ್ನಿಸಿದ್ದರಲ್ಲೂ ಒಂದಷ್ಟು ಒಳಗೆ ಕೂತಿರುತ್ತದೆ. ಬರೀ ಯೋಚನೆಯಿಂದ ಇದು ಸಿಗುತ್ತಿತ್ತೇ? 1885ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ಮತ್ತೆ ಮಾಡಿ 2015ರಲ್ಲಿ ಪ್ರಕಟಿಸಿದರು. ಹೊತ್ತು ಕಳೆದಂತೆ ನೆನಪು ಇಳಿಯುವುದನ್ನು ತೋರಿಸುವ ಗೆರೆ ಹೆಚ್ಚುಕಮ್ಮಿ ಹಾಗೇ ಬಂದಿತ್ತು.

ವಿರೋಧ

ಲೆಕ್ಕ ಸರಿ. ಆದರೆ ಅಳೆದದ್ದು ಏನನ್ನು? ನಿಮಿಷಕ್ಕೆ 150ರಂತೆ ಖಾಲಿ ಪದ ಓದುವ ಕೆಲಸ ಯಾರ ಬದುಕಿನಲ್ಲಿದೆ? ಮಗ್ಗಿಯನ್ನು ಸುಮ್ನೆ ಉರು ಹೊಡೆದೆವು ಅನ್ನುತ್ತೇವೆ. ಅದರಲ್ಲೂ ಎರಡೆರಡಾಗಿ, ಮೂರುಮೂರಾಗಿ ಏರುವ ಲೆಕ್ಕವಿದೆ.

ಎಬ್ಬಿಂಗ್‌ಹಾಸ್ ಅವರೇ ಇಂಗ್ಲಿಷ್ ಕವಿ ಬೈರನ್ ಅವರ ಪದ್ಯಗಳನ್ನೂ ಕಲಿತು ನೋಡಿದ್ದರು. ಅಷ್ಟೇ ಉದ್ದದ ಖಾಲಿ ಪದಗಳಿಗೆ ಬೇಕಾದ ಶ್ರಮದಲ್ಲಿ ಸುಮಾರು ಹತ್ತನೇ ಒಂದು ಪಾಲು ಸಾಕಾಯಿತು. ಉಳಿದ ಒಂಬತ್ತು ಪಾಲು ತಗ್ಗಿಸಿದ್ದು ಅರ್ಥ, ಪ್ರಾಸ, ಭಾಷೆ. ಅದನ್ನೇ ಗುಡಿಸಿ ಹೊರಗೆ ಹಾಕಿದರೆ ಹೇಗೆ? ಇಷ್ಟಾಗಿ ಆ ಪದಗಳೂ ಪೂರ್ತಿ ಖಾಲಿಯೇನಲ್ಲ. ಅಂಥವುಗಳಲ್ಲಿ ಕೆಲವು ಬೇರೆಯವುಗಳಿಗಿಂತ ಜಾಸ್ತಿ ನಂಟು ನೆನಪಿಸುತ್ತವೆ ಎಂದು 1928ರಲ್ಲಿ ಸಂಶೋಧಕ ಗ್ಲೇಜ್ ತೋರಿಸಿದರು.

ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ ಬೇರೆ ದಾರಿ ಹಿಡಿದರು. ಅವರ ಕೆಲಸ 1932ರಲ್ಲಿ ಪ್ರಕಟವಾಯಿತು. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಭೂತದ ಕಥೆಯನ್ನು ಇಂಗ್ಲೆಂಡಿನವರಿಗೆ ಓದಲು ಕೊಟ್ಟು, ಆಮೇಲೆ ನೆನಪಿನಿಂದ ಬರೆಯಿಸಿದರು. ಕಥೆ ಗಿಡ್ಡವಾಯಿತು. ವಿಚಿತ್ರವಾದ ಭಾಗಗಳು ಉದುರಿದವು. ಕಥೆಯಲ್ಲಿ ಸೀಲ್ ಎಂಬ ಕಡಲ ಪ್ರಾಣಿಯ ಬೇಟೆಗೆ ಹೋದವರು ಕೆಲವರ ನೆನಪಿನಲ್ಲಿ ಮೀನು ಹಿಡಿಯಲು ಹೊರಟಿದ್ದರು. ಇದು ಶೇಕಡಾವಾರು ಸೋರಿಹೋದ ನೆನಪಲ್ಲ, ತಮಗೆ ಒಗ್ಗುವಂತೆ ಹೊಸದಾಗಿ ಕಟ್ಟಿಕೊಂಡ ಕಥೆ. ಉಳಿತಾಯದ ಲೆಕ್ಕದಲ್ಲಿ ಆ ಮೀನನ್ನು ಎಲ್ಲಿ ಬರೆಯುವುದು?