ಏನು ಕೇಳ್ತಿದ್ದೀರಿ ಮಾರಾಯ್ರೆ?

ಭಾನುವಾರ ಬೆಳಿಗ್ಗೆ ಏಳೂವರೆಗೆ ಫೋನು ಟಿಣ್ ಎಂದಿತು. ಈ ಹೊತ್ತಿಗೆ ಟಿಣ್ ಎಂದರೆ ಯಾರೋ ತೀರಿಕೊಂಡಿದ್ದಾರೆ ಎಂದೇ ಲೆಕ್ಕ. ಕನ್ನಡಕ ಹುಡುಕಿ ನೋಡಿದೆ. ಯಾರೂ ತೀರಿಕೊಂಡಿರಲಿಲ್ಲ. ನಮ್ಮ ಬ್ಯಾಂಕ್ ಮಾಮ್ (ಕೊಂಕಣಿಯ ಮಾಮ್, ಎಂದರೆ ಮಾಮ) ಒಂದು ಫೋಟೋ ಕಳಿಸಿದ್ದರು. ಒಂದು ಟರ್ನ್‌ಟೇಬಲ್. ಅದಕ್ಕೆ ಒರಗಿಸಿಟ್ಟ ಎಲ್‌ಪಿ ರೆಕಾರ್ಡಿನ ಕವರ್. ಪಕ್ಕದ ಪ್ಲೇಟಿನಲ್ಲಿ ಎರಡು ಬನ್ಸ್. ಕೆಳಗೆ ಒಂದು ಸಾಲು: 'ಈಗ ಇದು ಕೇಳ್ತಿದ್ದೇನೆ. ನೀವು?'

ಫೋಟೋ ದೊಡ್ಡದು ಮಾಡಿ ನೋಡಿದೆ. ಟರ್ನ್‌ಟೇಬಲಿನ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು.

ಈ ಪ್ರೋಗ್ ರಾಕ್ (ಪ್ರೋಗ್ರೆಸಿವ್ ರಾಕ್) ಮಂದಿ ನಿಮಗೂ ಗೊತ್ತಿರುತ್ತಾರೆ. ಎಪ್ಪತ್ತರ ದಶಕದ ಇಂಗ್ಲೆಂಡಿನ ಉದ್ದುದ್ದ ಹಾಡುಗಳ ಭಕ್ತರು. ಮಂಗಳೂರಿನಲ್ಲಿ ನನಗೆ ಗೊತ್ತಿರುವವರೆಲ್ಲ ಸೇರಿದರೆ ಎರಡು ರಿಕ್ಷಾ ತುಂಬಬಹುದು. ಆದರೆ ಸದ್ದು ನಾಲ್ಕು ಬಸ್ಸಿನಷ್ಟು. ವಾಟ್ಸಾಪಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಬೊಜ್ಜದ (ಉತ್ತರಕ್ರಿಯೆಯ) ಮನೆಯಲ್ಲೂ ಒಂದೇ ಪ್ರಶ್ನೆ: ಈಗ ಏನು ಕೇಳ್ತಿದ್ದೀರಿ?

ನಮ್ಮ ಭಾಷೆಯ ಚಂದ ನೋಡಿ. ಪ್ರಶ್ನೆ ಹಾಕುವುದೂ ಕೇಳುವುದೇ, ಹಾಡಿಗೆ ಕಿವಿ ಕೊಡುವುದೂ ಕೇಳುವುದೇ. ಒಂದೇ ಮಾತಿನಲ್ಲಿ ಎರಡು ಕೆಲಸ. ಇವರು ಅದರಲ್ಲಿ ಒಂದನ್ನು ಮಾತ್ರ ಮಾಡುತ್ತಾರೆ. ಏನು ಕೇಳ್ತಿದ್ದೀರಿ ಎಂದು ಕೇಳುತ್ತಾರೆ. ಉತ್ತರ ಕೇಳುವುದಿಲ್ಲ. ಉತ್ತರ ಮುಗಿಯುವ ಮೊದಲೇ ಅವರ ಕವರಿನ ಫೋಟೋ ಬಂದಿರುತ್ತದೆ.

ಇವರಲ್ಲಿ ಒಬ್ಬರು ಡಾಕ್ಟ್ರು. ಕಳೆದ ವಾರ ಹದಿನೇಳು ಆಲ್ಬಂ ಕೇಳಿದರಂತೆ. ನಾನು ಲೆಕ್ಕ ಹಾಕಿದೆ. ಆಲ್ಬಮ್ಮಿಗೆ ನಲವತ್ತು ನಿಮಿಷ ಹಿಡಿದರೂ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಅದೇ ವಾರ ನಾನು ಕೆಮ್ಮು ಎಂದು ಅವರ ಹತ್ತಿರ ಹೋಗಿದ್ದೆ. ನನ್ನ ಎದೆಯ ಮೇಲೆ ಸ್ಟೆತೋಸ್ಕೋಪ್ ಇದ್ದದ್ದು ನಾಲ್ಕು ಸೆಕೆಂಡು. ಜೆನೆಸಿಸ್ ಬ್ಯಾಂಡಿನ 1972ರ ಆಲ್ಬಮ್ಮಿನಲ್ಲಿ 23 ನಿಮಿಷದ ಹಾಡು ಒಂದು ಉಂಟು, ಅದನ್ನು ಕಣ್ಣು ಮುಚ್ಚಿ ಪೂರ್ತಿ ಕೇಳುತ್ತೇನೆ ಎನ್ನುವ ಮನುಷ್ಯ ಇವರೇ. ನನ್ನ ಶ್ವಾಸಕೋಶ ಬಹುಶಃ ಪಾಪ್ ಸಂಗೀತ ಇರಬೇಕು.

ಬ್ಯಾಂಕ್ ಮಾಮ್‌ಗೆ ಪ್ರಾಣ ಎಂದರೆ 'ಯೆಸ್' ಎಂಬ ಬ್ಯಾಂಡು. ಅದರಲ್ಲಿ ಯಾವ ವರ್ಷ ಯಾರು ಬಿಟ್ಟರು, ಯಾರು ಬಂದರು, ಬಿಟ್ಟವರು ಯಾವಾಗ ವಾಪಸ್ ಬಂದರು ಎಂಬುದೆಲ್ಲ ಬಾಯಿಪಾಠ. 1989ರಲ್ಲಿ ಹಳಬರು ನಾಲ್ವರು ಬೇರೆ ಮನೆ ಮಾಡಿದರು. ಬ್ಯಾಂಡಿನ ಹೆಸರು ಸಿಗಲಿಲ್ಲ, ತಮ್ಮ ನಾಲ್ಕು ಹೆಸರನ್ನೇ ಸಾಲಾಗಿ ಬೋರ್ಡಿಗೆ ಹಾಕಿಕೊಂಡರು. ನಮ್ಮ ವಕೀಲರ ಆಫೀಸಿನ ಹಾಗೆ. 1991ರಲ್ಲಿ ಎರಡೂ ಕಡೆಯವರನ್ನು ಸೇರಿಸಿ, ಎಂಟು ಜನರ ಒಂದು ಆಲ್ಬಂ ಬಂತು. ಹೆಸರು 'ಯೂನಿಯನ್'. ಅದರಲ್ಲಿ ಕೀಬೋರ್ಡ್ ನುಡಿಸಿದ ರಿಕ್ ವೇಕ್‌ಮನ್ ಅದನ್ನು ಈಗಲೂ 'ಆನಿಯನ್' ಎಂದೇ ಕರೆಯುತ್ತಾರೆ. ಕೇಳಿದರೆ ಕಣ್ಣಲ್ಲಿ ನೀರು ಬರುತ್ತದಂತೆ.

ಇದನ್ನು ಹೇಳುವಾಗ ಮಾಮ್ ನಗುತ್ತಾರೆ. ಆಮೇಲೆ ಸುಮ್ಮನಾಗುತ್ತಾರೆ. ಅವರು ಇದ್ದದ್ದು ಕಾರ್ಪೊರೇಷನ್ ಬ್ಯಾಂಕಿನಲ್ಲಿ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು. 2020ರ ಏಪ್ರಿಲ್ 1ಕ್ಕೆ ಅದು ಯಾವುದರಲ್ಲಿ ಸೇರಿತು ಎಂದು ನಿಮಗೆ ಗೊತ್ತುಂಟಲ್ಲ? ಯೂನಿಯನ್. ಸಿಂಡಿಕೇಟ್ ಅದೇ ದಿನ ಕೆನರಾದ ಪಾಲಾಯಿತು, ವಿಜಯಾ ಅದಕ್ಕೂ ಒಂದು ವರ್ಷ ಮೊದಲೇ ಬರೋಡಾ ಸೇರಿತ್ತು. ನೀರುಳ್ಳಿ ಎಂದರೆ ನೀರುಳ್ಳಿಯೇ. ಒಂದು ಬ್ಯಾಂಡು ಒಡೆದರೆ ಐವತ್ತು ವರ್ಷ ಚರ್ಚೆ ಮಾಡುವವರು ಮೂರು ಬ್ಯಾಂಕು ಹೋದಾಗ ಒಂದು ವಾರ ಮಾತಾಡಿದರು. ಇರಲಿ, ಅದು ಬೇರೆ ವಿಷಯ.

ವೇಕ್‌ಮನ್ ಎಂದಾಗ ನೆನಪಾಯಿತು. 1973ರಲ್ಲಿ ಯೆಸ್ ಒಂದು ಡಬಲ್ ಆಲ್ಬಂ ಮಾಡಿತು. ಹೆಸರು 'ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಷನ್ಸ್', ಸಾಗರದ ಕಥೆಗಳು. ನಾಲ್ಕು ಬದಿ, ನಾಲ್ಕೇ ಹಾಡು, ಸುಮಾರು 80 ನಿಮಿಷ. ಇದಕ್ಕೆಲ್ಲ ಮೂಲ ಯಾವುದು? ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿ. ಪುಸ್ತಕ ಅಲ್ಲ, ಅಧ್ಯಾಯವೂ ಅಲ್ಲ. ನಮ್ಮ ಶಾಸ್ತ್ರಗಳ ಬಗ್ಗೆ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇದ್ದದ್ದು. ನಮ್ಮ ತಾಳಮದ್ದಳೆಯಲ್ಲಿ ಒಂದು ಪದ್ಯಕ್ಕೆ ಮುಕ್ಕಾಲು ಗಂಟೆ ಅರ್ಥ ಹೇಳುವವರನ್ನು ಕಂಡವರಿಗೆ ಇದು ಆಶ್ಚರ್ಯ ಅಲ್ಲ. ಆದರೆ ನಮ್ಮಲ್ಲಿ ನಡುವೆ ಎದುರಿನ ಅರ್ಥಧಾರಿ ಒಂದು ಕುಟುಕು ಕುಟುಕುತ್ತಾನೆ. ಅಲ್ಲಿ ಕುಟುಕುವವರು ಇರಲಿಲ್ಲ.

ಒಬ್ಬರಿದ್ದರು, ವೇಕ್‌ಮನ್. ಅವರಿಗೇ ಆ ಹಾಡುಗಳು ಬೋರಾಗಿದ್ದವು. ಮ್ಯಾಂಚೆಸ್ಟರಿನ ಕಾರ್ಯಕ್ರಮದಲ್ಲಿ ಅವರ ಸಹಾಯಕ ಕೀಬೋರ್ಡಿನ ಕೆಳಗೆ ಮಲಗಿಕೊಂಡು, ಕಾರ್ಯಕ್ರಮ ಮುಗಿದ ಮೇಲೆ ಊಟಕ್ಕೆ ಏನು ಬೇಕು ಎಂದು ಕೇಳಿದ. ಇವರು ಹೇಳಿದರು. ಅವನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೋ ಏನೋ, ಹಾಡಿನ ಮಧ್ಯೆಯೇ ತಂದು ಕೊಟ್ಟ. ಚಿಕನ್ ವಿಂದಾಲು, ಪಲಾವು, ಬೆಂಡೆಕಾಯಿ ಭಾಜಿ, ಆರು ಹಪ್ಪಳ. ಎದುರಿಗೆ ಸಾವಿರಾರು ಜನ ಶಾಸ್ತ್ರಾರ್ಥದಲ್ಲಿ ಮುಳುಗಿರುವಾಗ ಈ ಪುಣ್ಯಾತ್ಮ ವೇದಿಕೆ ಮೇಲೆಯೇ ಊಟ ಮಾಡಿದರು. ಇಡೀ ಪ್ರೋಗ್ ರಾಕ್ ಇತಿಹಾಸದಲ್ಲಿ ನನಗೆ ಪೂರ್ತಿ ಅರ್ಥವಾದ ಘಟನೆ ಇದೊಂದೇ. ವಿಂದಾಲು ಗೋವಾದಿಂದ ಹೊರಟದ್ದು. ನಮ್ಮ ಪೊರ್ಬುಗಳ (ಊರಿನ ಕ್ರೈಸ್ತರ) ಮನೆಯಲ್ಲಿ ತಿಂದು ಗೊತ್ತಿರುವವರು ಹೇಳಿ, ಬಿಸಿ ವಿಂದಾಲು ಎದುರಿಗೆ ಇರುವಾಗ ಯಾರು ತಾನೇ ಸಾಗರ, ಸನಾತನ ಎಂದು ಕೂರುತ್ತಾರೆ? ನನ್ನ ಚಿಂತೆ ಹಪ್ಪಳದ್ದು ಮಾತ್ರ. ಆರು ಹಪ್ಪಳ ಮುರಿದ ಸದ್ದು ಯಾವುದಾದರೂ ರೆಕಾರ್ಡಿಂಗಿನಲ್ಲಿ ಸಿಕ್ಕಿದ್ದರೆ, ಅದು ಎಷ್ಟನೇ ನಿಮಿಷದಲ್ಲಿ ಎಂದು ನಮ್ಮ ಮಾಮ್ ಖಂಡಿತ ಹೇಳುತ್ತಿದ್ದರು.

ಇನ್ನು ತಾಳ. ಇವರ ಜಂಬವೆಲ್ಲ ತಾಳದ ಮೇಲೆ. ಪಿಂಕ್ ಫ್ಲಾಯ್ಡ್‌ನ 1973ರ ಹಾಡು 'ಮನಿ' ಏಳು ಎಣಿಕೆಯದ್ದು ಎಂದು ಡಾಕ್ಟ್ರು ಊಟದ ಮೇಜಿನ ಮೇಲೆ ಬೆರಳು ಬಡಿದು ತೋರಿಸಿದರು. ಪಕ್ಕದಲ್ಲಿ ಕೂತಿದ್ದ ಯಕ್ಷಗಾನದ ಮದ್ದಳೆಗಾರರು ಒಂದು ಸುತ್ತು ಕೇಳಿ, 'ನಮ್ಮ ತ್ರಿವುಡೆ ತಾಳ ಅಲ್ವಾ ಅದು?' ಎಂದು ಪಾಯಸಕ್ಕೆ ಕೈ ಹಾಕಿದರು. ಡಾಕ್ಟ್ರು ಬಡಿಯುವುದು ನಿಲ್ಲಿಸಿದರು. ಪಾಪ, ಅಂದಹಾಗೆ ಆ ಹಾಡಿನಲ್ಲೇ ಗಿಟಾರ್ ಜೋರಾಗಿ ಶುರುವಾದಾಗ ಏಳನ್ನು ಬಿಟ್ಟು ನಾಲ್ಕಕ್ಕೆ ಇಳಿಯುತ್ತಾರೆ. ಮನುಷ್ಯರೇ ಅಲ್ವಾ, ಸುಸ್ತಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಹೊಟ್ಟೆಕಿಚ್ಚು. ಜೆಥ್ರೋ ಟಲ್ ಬ್ಯಾಂಡು (ಬಿತ್ತನೆಯ ಕೂರಿಗೆ ಮಾಡಿದ ಹಳೆಯ ಕಾಲದ ಒಬ್ಬ ಇಂಗ್ಲಿಷ್ ಕೃಷಿಕನ ಹೆಸರು ಅದು) 1972ರಲ್ಲಿ ಒಂದು ಆಲ್ಬಂ ತಂದಿತು. ಎರಡೂ ಬದಿ ಸೇರಿ ಒಂದೇ ಹಾಡು. ಕವರು ಹನ್ನೆರಡು ಪುಟದ ಸುಳ್ಳು ಊರಪತ್ರಿಕೆ. ಹಾಡು ಬರೆದದ್ದು ಎಂಟು ವರ್ಷದ ಹುಡುಗ ಎಂದು ಅದರಲ್ಲಿ ಸುದ್ದಿ. ಹುಡುಗನೂ ಸುಳ್ಳು. ಇಂಥ ಉದ್ದದ, ಗಂಭೀರದ ಆಲ್ಬಂಗಳನ್ನು ಗೇಲಿ ಮಾಡಲಿಕ್ಕೆಂದೇ ಬ್ಯಾಂಡಿನ ಯಜಮಾನ ಇಯಾನ್ ಆಂಡರ್ಸನ್ ಅದನ್ನು ಮಾಡಿದ್ದು. ಹೆಸರೇ ಇಟ್ಟಿಗೆಯಂಥ ದಪ್ಪ ಮಂಡೆ ಎಂಬ ಅರ್ಥದ್ದು. ನಮ್ಮ ಕಡೆ ಆಗಿದ್ದರೆ ಮುರಕಲ್ಲು. ಏನಾಯಿತು? ಅಮೆರಿಕದಲ್ಲಿ ನಂಬರ್ ಒನ್. ಗೇಲಿಗೆ ಒಳಗಾದವರೇ ಅದನ್ನು ತಲೆಯ ಮೇಲೆ ಹೊತ್ತರು. ಈಗಲೂ ಹೊತ್ತಿದ್ದಾರೆ. ವಿಡಂಬನೆ ಬರೆದು ಹೊಟ್ಟೆ ಹೊರೆಯುವ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಸೋಲೂ ಇಲ್ಲ, ಇದಕ್ಕಿಂತ ದೊಡ್ಡ ಆಸೆಯೂ ಇಲ್ಲ.

ಮಂಗಳೂರಿನ ಮಳೆಗಾಲದಲ್ಲಿ ಎಲ್‌ಪಿ ಇಟ್ಟುಕೊಳ್ಳುವುದು ಒಂದು ವ್ರತ, ಅದನ್ನು ಒಪ್ಪಬೇಕು. ಚಪ್ಪಲಿಗೆ, ಬೆಲ್ಟಿಗೆ, ಮದುವೆ ಆಲ್ಬಮ್ಮಿಗೆ ಹಿಡಿಯುವ ಬೂಸ್ಟು ಇಂಗ್ಲೆಂಡಿನವರನ್ನೂ ಬಿಡುವುದಿಲ್ಲ. ಕಿಂಗ್ ಕ್ರಿಮ್ಸನ್‌ನ 1969ರ ಆಲ್ಬಮ್ಮಿನ ಕವರಿನಲ್ಲಿ ಬಾಯಿ ಅಗಲಿಸಿ ಕಿರುಚುವ ಒಂದು ಮುಖ ಉಂಟಲ್ಲ, ಮಾಮ್‌ರ ಮನೆಯಲ್ಲಿ ಆಟಿ ತಿಂಗಳಿಗೆ ಅದಕ್ಕೆ ಬಿಳಿ ಗಡ್ಡ ಬಂದಿತ್ತು. ಮಳೆ ಬಂದ ದಿನ ಊರಿನ ಪಂಪ್‌ವೆಲ್ ಸರ್ಕಲ್ಲಿನಲ್ಲಿ ಸ್ಕೂಟರು ತಳ್ಳುವವನ ಮುಖವೂ ಥೇಟ್ ಹಾಗೆಯೇ.

ಪಂಪ್‌ವೆಲ್! ಪ್ರೋಗ್ ರಾಕ್ ನಮಗೆ ಇಂಗ್ಲೆಂಡಿನಿಂದ ಬರಬೇಕಾ? ಅಲ್ಲಿನ ಫ್ಲೈಓವರ್ ಕಟ್ಟಲಿಕ್ಕೆ ಹಿಡಿದದ್ದು ಸುಮಾರು ಹತ್ತು ವರ್ಷ. ಒಂದೇ ಕೃತಿ, ಹಲವು ಭಾಗ, ನಡುನಡುವೆ ದೀರ್ಘ ಮೌನ. ಬಿಡುಗಡೆಯ ದಿನ ಎಷ್ಟು ಸಲ ಮುಂದೆ ಹೋಯಿತು ಎಂದು ಎಣಿಸಲಿಕ್ಕೆ ಡಾಕ್ಟ್ರ ಬೆರಳು ಸಾಲದು. ಕೊನೆಗೆ 2020ರ ಜನವರಿ ಕೊನೆಗೆ ಬಂತು. ಮಳೆ ಜೋರಾಗಿ ಹೊಡೆದರೆ ಕೆಳಗೆ ನೀರು. ಸಾಗರದ ಕಥೆ ಎಂದರೆ ಇದು. ಅಡಿಟಿಪ್ಪಣಿಯೂ ಬೇಕಾಗಿಲ್ಲ.

ಹೋದ ಭಾನುವಾರ ನಾನೂ ಒಂದು ಪ್ರಯತ್ನ ಮಾಡಿದೆ. ಸುಮ್ನೆ ಹಾಸ್ಯ ಮಾಡುವುದು ಬೇಡ, ಆ 23 ನಿಮಿಷವನ್ನು ಪೂರ್ತಿ ಕೇಳಿಯೇ ಬಿಡುವ ಎಂದು ಮಗನ ಹೆಡ್‌ಫೋನು ಹಾಕಿಕೊಂಡು ಕೂತೆ. ಎರಡನೇ ನಿಮಿಷಕ್ಕೆ ಹೊರಗೆ ಡ್ರಿಲ್ಲಿಂಗ್ ಶುರುವಾಯಿತು. ನಮ್ಮ ಓಣಿಯನ್ನು ಅಗೆಯುವುದು ಇದು ಮೂರನೇ ಸಲ. ಮೊದಲು ನೀರಿನ ಪೈಪಿಗೆ, ಆಮೇಲೆ ಗ್ಯಾಸಿನ ಪೈಪಿಗೆ, ಈಗ ಕೇಬಲಿಗೆ. ಪ್ರತಿ ಸಲವೂ ಅದಕ್ಕೆ ಸ್ವಲ್ಪ ದಿನ ಮೊದಲು ಕಾಂಕ್ರೀಟ್ ಹಾಕುತ್ತಾರೆ. ಅಗೆಯಲಿಕ್ಕೆ ಏನಾದರೂ ಬೇಕಲ್ಲ.

ನಗು ಬರುವುದಿಲ್ಲ ಮಾರಾಯ್ರೆ. ಎರಡನೇ ಸಲ ಅಗೆದಾಗ ಪಕ್ಕದ ಮನೆಯ ಬಾಯಮ್ಮ ಬೆಳಗಿನ ಪೂಜೆಗೆ ಚರ್ಚಿಗೆ ಹೊರಟವರು ಆ ಗುಂಡಿಗೆ ಬಿದ್ದರು. ಎಪ್ಪತ್ತೆರಡು ವರ್ಷ. ಮೊಣಕೈ ಮುರಿಯಿತು. ಗುಂಡಿಯ ಹತ್ತಿರ ಒಂದು ಹಗ್ಗ ಇರಲಿಲ್ಲ, ಒಂದು ಕೆಂಪು ಬಟ್ಟೆ ಇರಲಿಲ್ಲ. ನಾನು ಮೂರು ಸಲ ಅರ್ಜಿ ಕೊಟ್ಟೆ. ಒಮ್ಮೆ ಇದು ನಮ್ಮದಲ್ಲ ಎಂದರು. ಒಮ್ಮೆ ಸಾಹೇಬರು ಇಲ್ಲ ಎಂದರು. ಮೂರನೇ ಸಲ ಮೊದಲಿನ ಎರಡು ಅರ್ಜಿಯ ನಕಲು ತನ್ನಿ ಎಂದರು. ರಾತ್ರಿ ಹತ್ತರ ಮೇಲೆ ಮೈಕ್ ಇಲ್ಲ ಎಂದು 2000ರಿಂದಲೇ ನಿಯಮ ಉಂಟು. ಅದಕ್ಕೆ ತಲೆಬಾಗಿ ಬೆಳಗಿನ ತನಕ ನಡೆಯುತ್ತಿದ್ದ ಎಷ್ಟೋ ಯಕ್ಷಗಾನದ ಆಟಗಳು ಕಾಲಮಿತಿಗೆ ಬಂದವು. ರಾತ್ರಿ ಹನ್ನೊಂದೂವರೆಗೆ ನಮ್ಮ ಓಣಿಯಲ್ಲಿ ಕಲ್ಲು ಕೊರೆಯುವ ಯಂತ್ರಕ್ಕೆ ಯಾವ ಮಿತಿಯೂ ಇಲ್ಲ. ಕೇಳುವವರಿಲ್ಲ. ಕನ್ನಡದ ಆ ಮಾತಿಗೆ ಇನ್ನೂ ಒಂದು ಅರ್ಥ ಉಂಟು ಎಂದು ನನಗೆ ಆ ಕಚೇರಿಯ ಬೆಂಚಿನಲ್ಲಿ ಕೂತಾಗಲೇ ಗೊತ್ತಾದದ್ದು.

ಹೆಡ್‌ಫೋನು ತೆಗೆದಿಟ್ಟೆ. ಫೋನು ಟಿಣ್ ಎಂದಿತು. ಮಾಮ್. ಹೊಸ ಕವರು, ಹೊಸ ಪ್ಲೇಟಿನಲ್ಲಿ ಗೋಳಿಬಜೆ. 'ನೀವು?'

ಕಿಟಕಿಯಿಂದ ಕೈ ಹೊರಗೆ ಹಾಕಿ ಅರ್ಧ ನಿಮಿಷ ರೆಕಾರ್ಡ್ ಮಾಡಿ ಕಳಿಸಿದೆ. ಯಂತ್ರ, ಅದರ ಹಿಂದೆ ಸಿಟಿ ಬಸ್ಸಿನ ಹಾರ್ನ್, ನಡುವೆ ಯಾರೋ ತುಳುವಿನಲ್ಲಿ ಬೈಯುವುದು.

ಡಾಕ್ಟ್ರು ಕೂಡಲೇ ಬರೆದರು: 'ಡ್ರಮ್ಮರ್ ಯಾರು?'

ಮಾಮ್ ಸ್ವಲ್ಪ ಹೊತ್ತು ಬಿಟ್ಟು ಬರೆದರು. ಅವರ ಮನೆ ನಮ್ಮ ಓಣಿಯ ತುದಿಯಲ್ಲೇ. ಈ ಸಲ ಅವರು ನಿಜವಾಗಿ ಕೇಳಿದ್ದರು ಎಂದು ಕಾಣುತ್ತದೆ.

'ಮೊದಲನೇ ಸಲದ್ದು ಇದಕ್ಕಿಂತ ಒಳ್ಳೆಯದಿತ್ತು.'