ಸತ್ಯಾಂಶ: 2520 ರಾಮಾನುಜನ್ ಕಂಡುಹಿಡಿದ ಸಂಖ್ಯೆಯಾ?

"1ರಿಂದ 10ರವರೆಗಿನ ಎಲ್ಲಾ ಅಂಕಿಗಳಿಂದ ಶೇಷವಿಲ್ಲದೆ ಭಾಗವಾಗುವ ಜಗತ್ತಿನ ಒಂದೇ ಸಂಖ್ಯೆ 2520, ಕಂಡುಹಿಡಿದವರು ರಾಮಾನುಜನ್" ಅನ್ನೋ ಮೆಸೇಜ್ ನಮ್ಮ ತಾಳವಾಡಿ ಕಡೆಯ ಗ್ರೂಪ್‌ಗಳಲ್ಲಿ ಮತ್ತೆ ಓಡಾಡುತ್ತಿದೆ. 1887ರಲ್ಲಿ ಗಣಿತಜ್ಞ ರಾಮಾನುಜನ್ ಹುಟ್ಟಿದ್ದು ನಮ್ಮ ಜಿಲ್ಲಾ ಕೇಂದ್ರ ಈರೋಡಿನಲ್ಲೇ, ಹಾಗಾಗಿ ಇಲ್ಲಿ ಇದಕ್ಕೆ ಅಭಿಮಾನ ಸ್ವಲ್ಪ ಜಾಸ್ತಿ.

ಭಾಗವಾಗುವುದು ನಿಜ. ಒಂದೇ ಸಂಖ್ಯೆ ಅನ್ನೋದು ಸುಳ್ಳು. 5040, 7560 ಹಾಕಿ ನೋಡಿ, ಅವೂ ಭಾಗವಾಗುತ್ತವೆ. ಅಂಥವುಗಳಲ್ಲಿ 2520 ಎಲ್ಲಕ್ಕಿಂತ ಚಿಕ್ಕದು ಅಷ್ಟೆ, ಅಂದರೆ ಶಾಲೆಯಲ್ಲಿ ಕಲಿತ ಅದೇ ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ). 8, 9, 5, 7 ಇಷ್ಟನ್ನೇ ಗುಣಿಸಿ, 2520 ಬಂತು. 6, 10 ಎಲ್ಲಿ ಹೋದವು ಅಂತೀರಾ? 6ಕ್ಕೆ ಬೇಕಾದ 2 ಮತ್ತು 3 ಆಗಲೇ 8, 9ರ ಒಳಗಿವೆ, 10ಕ್ಕೆ ಬೇಕಾದ 2 ಮತ್ತು 5 ಕೂಡ ಇವೆ. ಈ ಲೆಕ್ಕದ ದಾರಿ ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕಾಲಕ್ಕೇ ಗೊತ್ತಿತ್ತು.

ವಾರದ 7 ದಿನ, ತಿಂಗಳ 30 ದಿನ, ವರ್ಷದ 12 ತಿಂಗಳು ಗುಣಿಸಿದರೆ 7 × 30 × 12 = 2520, ಇದೇ ಈ ಸಂಖ್ಯೆಯ ರಹಸ್ಯ ಅಂತಲೂ ಹೇಳ್ತಾರಲ್ಲ, ಗುಣಾಕಾರ ಸರಿ. ಆದರೆ ಎಲ್ಲ ತಿಂಗಳಿಗೂ 30 ದಿನ ಇರುವುದಿಲ್ಲ ಅಲ್ವಾ?

ರಾಮಾನುಜನ್ ನಂಟು ಪೂರ್ತಿ ಸುಳ್ಳಲ್ಲ. ತನಗಿಂತ ಚಿಕ್ಕ ಯಾವ ಸಂಖ್ಯೆಗೂ ಇಲ್ಲದಷ್ಟು ಭಾಜಕಗಳಿರುವ ಸಂಖ್ಯೆಗಳ ಬಗ್ಗೆ ಅವರು 1915ರಲ್ಲಿ ದೊಡ್ಡ ಪ್ರಬಂಧವನ್ನೇ ಪ್ರಕಟಿಸಿದರು. 48 ಭಾಜಕಗಳಿರುವ 2520 ಅಂಥದ್ದೇ ಒಂದು. 12ರಿಂದಲೂ ಭಾಗವಾಗುತ್ತದೆ, 11ರಿಂದ ಆಗುವುದಿಲ್ಲ. ಅದೂ ಬೇಕಿದ್ದರೆ 27720ಕ್ಕೆ ಹೋಗಬೇಕು.